ರೇಷನ್ ನಿಂತಾಗ ಬೀದರಿನ ನಾನಕ್ ಝಿರಾ ಲಂಗರ್

ನಮ್ಮ ರೇಷನ್ ಅಂಗಡಿಯಲ್ಲಿ ಸರ್ವರ್ ಕೈಕೊಟ್ಟಿತ್ತು. ನಾನು ದಿನಗೂಲಿ ಮಾಡುವವಳು, ಅಕ್ಕಿಗೆ ಕಾಯುತ್ತಾ ಕೂತರೆ ಆಗುತ್ತಾ? ಮಕ್ಕಳನ್ನು ಕರ್ಕೊಂಡು ನಾನಕ್ ಝಿರಾ ಅನ್ನೋ ಸಿಖ್ಖರ ಗುರುದ್ವಾರಕ್ಕೆ ಹೋದೆ.

ಲಂಗರ್ ಅಂದರೆ ಗುರುದ್ವಾರದ ಸಾಮೂಹಿಕ ಊಟ, ಅದು ಉಚಿತ. ಜಾತಿ, ಧರ್ಮ, ಕಾರ್ಡು ಯಾವುದನ್ನೂ ಕೇಳುವುದಿಲ್ಲ. ಚಪ್ಪಲಿ ಬಿಟ್ಟು, ತಲೆಗೆ ಬಟ್ಟೆ ಹಾಕಿಕೊಂಡು ಒಳಗೆ ಹೋಗಬೇಕು. ಸೆರಗು ಹೊದ್ದರೆ ಸಾಕು. ನೆಲದ ಮೇಲೆ ಸಾಲಾಗಿ ಕೂರಬೇಕು. ರೊಟ್ಟಿಯನ್ನು ಎರಡೂ ಕೈ ಚಾಚಿ ತಗೋಬೇಕು, ಮಕ್ಕಳಿಗೆ ಮೊದಲೇ ಹೇಳಿಡಿ. ದಾಲ್ ಗಟ್ಟಿಯಾಗಿತ್ತು, ಬಿಸಿಯಾಗಿತ್ತು. ಎಷ್ಟು ಸಲ ಕೇಳಿದರೂ ಬಡಿಸಿದವರ ಮುಖ ಬದಲಾಗಲಿಲ್ಲ. ನನಗೆ ಅದೇ ದೊಡ್ಡದು. ರೊಟ್ಟಿ ಮಾತ್ರ ಗೋಧಿಯದು. ನಮ್ಮ ನಾಲಿಗೆ ಜೋಳದ ರೊಟ್ಟಿ, ಪುಂಡಿಪಲ್ಯ ಕೇಳುತ್ತೆ, ಏನು ಮಾಡೋದು! ಸುಮ್ನೆ ತಿಂದು ಬರೋಕೆ ಸಂಕೋಚವಾದರೆ ಪಾತ್ರೆ ತೊಳೆಯಲು ಕೈಜೋಡಿಸಬಹುದು. ನಾನೂ ತೊಳೆದೆ.

ಗುರುನಾನಕ್ ಜಯಂತಿ ಹೊತ್ತಿಗೆ ಜನ ಜಾಸ್ತಿ, ಕಾಯಬೇಕಾಗುತ್ತೆ. ನಡೆಯಲಾಗದ ಅತ್ತೆಯಂಥವರಿಗೆ ಈ ಊಟ ದಕ್ಕುವುದಿಲ್ಲ. ಮನೆಯಲ್ಲಿ ಕಾಳು ಇರಲೇಬೇಕು. ಅದಕ್ಕೆ ರೇಷನ್ ಸಿಗದಿದ್ದರೆ ಆಹಾರ ಇಲಾಖೆಯ ಸಹಾಯವಾಣಿ 1967ಕ್ಕೆ ಫೋನ್ ಮಾಡಿ ದೂರು ಕೊಡಿ. ನಿಮ್ಮ ಅಂಗಡಿಯಲ್ಲಿ ಆಗದಿದ್ದರೆ ಬೇರೆ ನ್ಯಾಯಬೆಲೆ ಅಂಗಡಿಯಲ್ಲೂ ಹೆಬ್ಬೆಟ್ಟು ಒತ್ತಿ ರೇಷನ್ ತಗೋಬಹುದು. ಇದನ್ನು ನಮ್ಮ ಅಂಗಡಿಯವರು ಹೇಳಲೇ ಇಲ್ಲ! ಇಂದಿರಾ ಕ್ಯಾಂಟೀನ್ ಹತ್ತಿರವಿದ್ದರೆ ಅಲ್ಲಿ ತಿಂಡಿ 5 ರೂಪಾಯಿ, ಊಟ 10 ರೂಪಾಯಿ.

ಲಂಗರ್‌ಗೆ ನನ್ನ ಕಡೆಯಿಂದ ಐದಕ್ಕೆ ಐದು ಸ್ಟಾರ್. ರೇಷನ್ ಅಂಗಡಿಗೆ ಒಂದು ಕೊಟ್ಟರೂ ಜಾಸ್ತಿಯೇ.