ನಲಿಕಲಿ, ಮನೆಪಾಠ, ವಿಶೇಷ ಶಾಲೆ, ಮುಕ್ತ ಶಾಲೆ: ಮಗಳ ಜೊತೆ ನಾವು ನಡೆದು ನೋಡಿದ ನಾಲ್ಕು ದಾರಿ

ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ, ಕಾರ್ಡಿನ ಕೆಲಸಕ್ಕೆ ಮಡಿಕೇರಿಗೆ ಹೋದಾಗಲೆಲ್ಲ ಮಗುವನ್ನು ಸೊಂಟದ ಮೇಲೆ ಹೊತ್ತ ಯಾರಾದರೊಬ್ಬ ತಾಯಿ ನನ್ನ ಪಕ್ಕ ಬಂದು ಕೇಳುತ್ತಾಳೆ: “ಅಕ್ಕಾ, ನಿಮ್ಮ ಮಗಳನ್ನ ಎಲ್ಲಿಗೆ ಹಾಕಿದ್ದೀರಿ?” ಸಾಲಿನಲ್ಲಿ ನಿಂತು ಹೇಳಿ ಮುಗಿಸುವ ಉತ್ತರ ಅಲ್ಲ ಅದು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮಗಳಿಗೆ ಈಗ ಹದಿನೈದು. ಸೆರೆಬ್ರಲ್ ಪಾಲ್ಸಿ, ಕೈಕಾಲು ನಾಲ್ಕೂ ಬಿಗಿ. ಮಾತು ಬಂದಿಲ್ಲ. ಕಣ್ಣು ಚೆನ್ನಾಗಿಯೇ ಇದೆ, ಆದರೆ ಕಂಡದ್ದನ್ನು ಮಿದುಳು ಹಿಡಿದುಕೊಳ್ಳುವುದು ನಿಧಾನ. ಚಿತ್ರ ತುಂಬಿದ ಪುಟ ಅವಳಿಗೆ ಗೋಜಲು. ಕಪ್ಪು ಬಟ್ಟೆಯ ಮೇಲೆ ಒಂದೇ ಒಂದು ಕೆಂಪು ವಸ್ತು ಇಟ್ಟು ಸ್ವಲ್ಪ ಹೊತ್ತು ಕಾದರೆ ಕಾಣುತ್ತದೆ. ಕಿವಿ ಮಾತ್ರ ಬಲು ಚುರುಕು. ಮೇಲಿನ ತಿರುವಿನಲ್ಲಿ ಇಳಿಯುತ್ತಿರುವ ಜೀಪು ಯಾರದ್ದೆಂದು ನಮಗಿಂತ ಮೊದಲು ಅವಳಿಗೆ ಗೊತ್ತಾಗುತ್ತದೆ. ಮನೆ ಮಾದಾಪುರದ ಕಡೆ, ರಸ್ತೆಯಿಂದ ಕೆಳಗೆ ಕಾಫಿ ತೋಟದ ನಡುವೆ. ಜೂನ್ ಬಂದರೆ ಆ ಇಳಿಜಾರಿನಲ್ಲಿ ವೀಲ್‌ಚೇರ್ ಚಕ್ರ ಹೂತುಹೋಗುತ್ತದೆ, ಅವಳ ಅಪ್ಪ ಹೆಗಲ ಮೇಲೆ ಹೊರಬೇಕು. ನಾನು ಹೇಳುವುದೆಲ್ಲ ಈ ಮಗುವಿಗೆ, ಈ ಜಾಗಕ್ಕೆ ಸಂಬಂಧಿಸಿದ್ದು.

2016ರಲ್ಲಿ ಊರಿನ ಸರ್ಕಾರಿ ಶಾಲೆಗೆ ಒಂದನೇ ತರಗತಿಗೆ ಸೇರಿಸಿದೆವು. ಅಲ್ಲಿ ನಲಿಕಲಿ. ನಮ್ಮ ಪಕ್ಕದ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಹರಡಿದ ಪದ್ಧತಿ. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ನೆಲದ ಮೇಲೆ ಕೂರುತ್ತಾರೆ. ಗೋಡೆಯ ಮೇಲೆ ಕಲಿಕಾ ಏಣಿ, ಅಂದರೆ ಕಲಿಕೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಪಟ್ಟಿ. ಪ್ರತಿ ಮಗು ತನ್ನ ಮೆಟ್ಟಿಲಿನ ಕಾರ್ಡು ತೆಗೆದುಕೊಂಡು ತನ್ನ ತಟ್ಟೆಯಲ್ಲಿ, ಅಂದರೆ ಗುಂಪಿನಲ್ಲಿ, ಕೂತು ಕಲಿಯುತ್ತದೆ. ಒಂದು ತಟ್ಟೆಗೆ ಟೀಚರ್ ಪೂರ್ತಿ ಜೊತೆಗಿರುತ್ತಾರೆ, ಇನ್ನೊಂದಕ್ಕೆ ಭಾಗಶಃ, ಮತ್ತೊಂದರಲ್ಲಿ ಮಕ್ಕಳೇ ಮಕ್ಕಳಿಗೆ ಹೇಳಿಕೊಡುತ್ತಾರೆ.

ಇದನ್ನು ಅಂಗವಿಕಲ ಮಕ್ಕಳಿಗಾಗಿ ಮಾಡಿದ್ದಲ್ಲ. ಆದರೂ ನಾವು ನೋಡಿದ ನಾಲ್ಕರಲ್ಲಿ ನನ್ನ ಮಗಳ ದೇಹವನ್ನು ಚೆನ್ನಾಗಿ ತಾಳಿಕೊಂಡದ್ದು ಇದೇ. ಮಳೆಗೆ, ಕಫಕ್ಕೆ ಮೂರು ವಾರ ಶಾಲೆ ತಪ್ಪಿದರೂ ಹಿಂದಿರುಗಿದಾಗ ಅವಳ ಕಾರ್ಡು ಬಿಟ್ಟ ಮೆಟ್ಟಿಲಿನಲ್ಲೇ ಇರುತ್ತಿತ್ತು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ನಮ್ಮ ಭಾಗದ ಬದುಕೇ ತಲೆಕೆಳಗಾಯಿತಲ್ಲ, ಆಗಲೂ ಎಷ್ಟೋ ವಾರ ಬಿಟ್ಟು ಹೋದ ಮಗುವಿಗೆ ‘ಹಿಂದೆ ಬಿದ್ದಿದ್ದಾಳೆ’ ಎಂಬ ಮಾತು ಕೇಳಬೇಕಾಗಲಿಲ್ಲ. ಎಲ್ಲರೂ ನೆಲದ ಮೇಲೆ ಕೂರುವುದರಿಂದ ಅವಳೂ ಅವರ ಎತ್ತರದಲ್ಲೇ ಇದ್ದಳು. ಊರಿನ ಆಚಾರಿ ಸಿಲ್ವರ್ ಮರದ ಹಲಗೆಯಲ್ಲಿ ಒಂದು ಮೂಲೆಕುರ್ಚಿ ಮಾಡಿಕೊಟ್ಟರು, ಬೆನ್ನು ನೇರ ನಿಲ್ಲುವಂತೆ. ಅವಳು ‘ಹೌದು’ ಅನ್ನಲು ಹುಬ್ಬು ಏರಿಸುತ್ತಾಳೆ ಎಂದು ಮೊದಲು ಕಂಡುಹಿಡಿದವರು ನಾವಲ್ಲ, ಡಾಕ್ಟರೂ ಅಲ್ಲ. ಅದೇ ತಟ್ಟೆಯಲ್ಲಿ ಕೂರುತ್ತಿದ್ದ ಪಕ್ಕದ ಲೈನ್ ಮನೆಯ ಹುಡುಗಿ. “ಆಂಟಿ, ಅವಳು ಹೂಂ ಅಂತಾಳೆ, ನೋಡಿ” ಎಂದು ಒಂದು ಸಂಜೆ ತೋರಿಸಿಕೊಟ್ಟಳು. ಏಳು ವರ್ಷ ನನ್ನ ಕಣ್ಣಿಗೆ ಬೀಳದ್ದು.

ಕೊರತೆ ಇರಲಿಲ್ಲವೆಂದಲ್ಲ. ಶೌಚಾಲಯಕ್ಕೆ ಕರೆದೊಯ್ಯುವವರಿರಲಿಲ್ಲ, ದಿನಾ ಮಧ್ಯಾಹ್ನ ನಾನೇ ಹೋಗಬೇಕಿತ್ತು; ಕಾಫಿ ಕೊಯ್ಲಿನ ದಿನಗಳಲ್ಲಿ ಅದು ಎಷ್ಟು ಕಷ್ಟ ಎಂದು ತೋಟದವರಿಗೆ ಹೇಳಬೇಕಿಲ್ಲ. ನಾಲ್ಕನೇ ತರಗತಿಗೆ ಬಂದಾಗ ಏಣಿಯೇ ಮುಗಿಯಿತು. ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಪುಟ, “ಬರೆದುಕೊಳ್ಳಿ” ಎಂಬ ಒಂದೇ ಮಾತು. ಪಾಠ ಕಿವಿಗೆ ಬೀಳುತ್ತಿತ್ತು, ಆದರೆ ಅವಳಿಂದ ಏನನ್ನೂ ಯಾರೂ ಕೇಳಲಿಲ್ಲ. ಆ ವರ್ಷದ ಪ್ರಗತಿಪತ್ರದಲ್ಲಿ ಎಲ್ಲ ವಿಷಯಕ್ಕೂ ಗ್ರೇಡ್ ಬಂದಿತ್ತು. ಯಾವ ಉತ್ತರಕ್ಕೆ ಎಂದು ಕೇಳಿದರೆ ಹೇಳುವವರಿಲ್ಲ. ಆ ಕಾಗದ ನೋಡಿ ನನಗೆ ಬಂದ ದುಃಖ ಫೇಲ್ ಎಂದು ಬರೆದಿದ್ದರೂ ಬರುತ್ತಿರಲಿಲ್ಲ.

ಅಷ್ಟರಲ್ಲಿ ಕೊರೊನಾ. ಶಾಲೆ ಮುಚ್ಚಿತು, ತೆರೆದ ಮೇಲೂ ಕಳಿಸಲು ಧೈರ್ಯ ಬರಲಿಲ್ಲ. ಗೃಹಾಧಾರಿತ ಶಿಕ್ಷಣಕ್ಕೆ ಅರ್ಜಿ ಕೊಟ್ಟೆವು. ತೀವ್ರ ಮತ್ತು ಬಹುವಿಧ ಅಂಗವೈಕಲ್ಯದ ಮಕ್ಕಳು ಮನೆಯಲ್ಲೇ ಕಲಿಯುವುದನ್ನು ಆರಿಸಿಕೊಳ್ಳಬಹುದು ಎಂದು ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಬಂದಿದೆ. ಆರಿಸಿಕೊಳ್ಳಬಹುದು ಎಂಬುದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ “ನಿಮ್ಮ ಮಗುವಿಗೆ ಮನೆಪಾಠವೇ ಸರಿ” ಎಂದು ಶಾಲೆಯವರೇ ಕೈ ತೊಳೆದುಕೊಂಡದ್ದನ್ನು ಬೇರೆ ಮನೆಗಳಲ್ಲಿ ಕಂಡಿದ್ದೇನೆ. ಆಯ್ಕೆ ನಮ್ಮದು, ಅವರದ್ದಲ್ಲ.

ತಾಲ್ಲೂಕಿನ ಶಿಕ್ಷಣ ಸಂಪನ್ಮೂಲ ಕೇಂದ್ರವಾದ ಬಿ.ಆರ್.ಸಿ.ಯಿಂದ ಬಿ.ಐ.ಇ.ಆರ್.ಟಿ., ಅಂದರೆ ಅಂಗವಿಕಲ ಮಕ್ಕಳ ಕಲಿಕೆಗೆಂದೇ ಇರುವ ಟೀಚರ್, ಬರುತ್ತಿದ್ದರು. ಇಡೀ ತಾಲ್ಲೂಕು ಅವರ ಮೇಲೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬಂದರೆ ಹೆಚ್ಚು. ಆದರೆ ಬಂದಾಗ ಕಲಿಸುತ್ತಿದ್ದದ್ದು ಮಗುವಿಗಷ್ಟೇ ಅಲ್ಲ, ನನಗೆ. ಪುಸ್ತಕದ ಪುಟ ಮುಚ್ಚಿ ಒಂದು ಸಾಲು ಮಾತ್ರ ತೋರಿಸುವುದು, ಪ್ರಶ್ನೆ ಕೇಳಿ ಹತ್ತು ಎಣಿಸುವವರೆಗೆ ಬಾಯಿ ಬಿಡದಿರುವುದು. “ಕಣ್ಣಿಗೆ ಆಯಾಸವಾದರೆ ಕಿವಿಯಿಂದಲೇ ಅಕ್ಷರ ಕೊಡಿ” ಎಂದು ಹೇಳಿಹೋದರು. ಹೇಗೆ ಕೊಡುವುದು?

ದಾರಿ ತೋರಿಸಿದ್ದು ನಮ್ಮ ಅತ್ತೆ ದಿನಾ ಸಂಜೆ ಬಾಯಿಪಾಠ ಮಾಡಿಸುತ್ತಿದ್ದ ವರ್ಣಮಾಲೆ. ವರ್ಗೀಯ ವ್ಯಂಜನ ಇಪ್ಪತ್ತೈದು, ಐದು ಸಾಲು, ಸಾಲಿಗೆ ಐದು. ಇಷ್ಟು ಓರಣವಾದ ಪಟ್ಟಿ ಕೈಯಲ್ಲಿರುವಾಗ ಬೇರೆ ಯಂತ್ರ ಯಾಕೆ? ನಾನು ಮೊದಲು “ಸ್ವರ? ವರ್ಗೀಯ? ಅವರ್ಗೀಯ?” ಎಂದು ಕೇಳುತ್ತೇನೆ. ಅವಳು ಹುಬ್ಬೇರಿಸಿದಲ್ಲಿ ನಿಲ್ಲುತ್ತೇನೆ. ವರ್ಗೀಯವಾದರೆ “ಕ ಸಾಲು? ಚ ಸಾಲು? ಟ? ತ? ಪ?” ಸಾಲು ಸಿಕ್ಕಿತೆಂದರೆ ಅದರೊಳಗಿನ ಐದು. ಅಕ್ಷರ ಸಿಕ್ಕ ಮೇಲೆ ಕಾಗುಣಿತ: “ಅ? ಆ? ಇ?...” ಅತಿ ಕಷ್ಟದ್ದು ‘ಮ’, ಕೊನೆಯ ಸಾಲಿನ ಕೊನೆಯ ಅಕ್ಷರ, ಅಲ್ಲಿಯವರೆಗೆ ಅವಳು ಹುಬ್ಬನ್ನು ತಡೆದಿಟ್ಟುಕೊಂಡಿರಬೇಕು. ಒತ್ತಕ್ಷರಕ್ಕೆ ಏನು ಮಾಡುವುದೆಂದು ಬಹಳ ದಿನ ಒದ್ದಾಡಿ, ಕಾಗುಣಿತಕ್ಕೆ ಮೊದಲು “ಒತ್ತು ಇದೆಯಾ?” ಎಂಬ ಪ್ರಶ್ನೆಯೊಂದನ್ನು ಸೇರಿಸಿದೆವು.

ಐದಾರು ತಿಂಗಳಾದ ಮೇಲೆ ಒಂದು ಸಂಜೆ ಅಳುತ್ತಿದ್ದಳು. ಹಸಿವೆಂದುಕೊಂಡು ಗಂಜಿ ತಂದೆ. ಬಾಯಿ ತೆರೆಯಲಿಲ್ಲ. ಕೇಳಿದೆ. ವರ್ಗೀಯ, ಚ ಸಾಲು, ಮೊದಲನೆಯದ್ದು, ಅ. ಆಮೇಲೆ ಅವರ್ಗೀಯ, ಯ ರ ಲ ವ ಶ ಷ ಸ ಹ ಎಲ್ಲ ದಾಟಿ ಳ, ಇ. ಚಳಿ. ಹತ್ತು ವರ್ಷ ಎಷ್ಟು ಸಂಜೆ ಚಳಿಗೆ ಅತ್ತಿದ್ದಳೋ, ನಾವು ಎಷ್ಟು ಸಲ ಗಂಜಿ ಕುಡಿಸಿದ್ದೆವೋ.

ಹಾಗೆಂದು ಮನೆಪಾಠವನ್ನು ಎಲ್ಲರಿಗೂ ಹೇಳಲಾರೆ. ಎರಡು ವರ್ಷ ಅವಳು ಒಂದೇ ಒಂದು ಮಗುವಿನ ಪಕ್ಕ ದಿನಾ ಕೂರಲಿಲ್ಲ. ನಲಿಕಲಿಯಲ್ಲಿದ್ದಂಥ ಏಣಿ ಇಲ್ಲಿರಲಿಲ್ಲ. ಏನು ಕಲಿತಳು, ಮುಂದೇನು ಎಂಬ ಲೆಕ್ಕ ನನ್ನ ನೋಟ್‌ಬುಕ್ಕಿನಲ್ಲಿ ಮಾತ್ರ. ನನಗೆ ಜ್ವರ ಬಂದರೆ ಶಾಲೆಗೇ ರಜೆ.

2022ರಲ್ಲಿ ವಿಶೇಷ ಶಾಲೆಗೆ ಸೇರಿಸಿದೆವು. ಜಿಲ್ಲೆಯಲ್ಲಿ ಇಂಥ ಶಾಲೆಗಳು ಬೆರಳೆಣಿಕೆಯಷ್ಟು. ನಮ್ಮದು ಯಾವುದೆಂದು ಬರೆಯುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ ಶೇ. 40 ಅಥವಾ ಹೆಚ್ಚು ಅಂಗವೈಕಲ್ಯವಿರುವ ಮಗು 6ರಿಂದ 18 ವರ್ಷದವರೆಗೆ ನೆರೆಯ ಶಾಲೆಯಲ್ಲಾಗಲಿ, ತನ್ನ ಆಯ್ಕೆಯ ವಿಶೇಷ ಶಾಲೆಯಲ್ಲಾಗಲಿ ಉಚಿತವಾಗಿ ಓದಬಹುದು. ಫೀಸು ಇರಲಿಲ್ಲ, ಆದರೆ ವ್ಯಾನು ಮುಖ್ಯರಸ್ತೆಯವರೆಗೆ ಮಾತ್ರ. ಅಲ್ಲಿಯವರೆಗಿನ ಜೀಪಿಗೆ ತಿಂಗಳಿಗೆ ನಾಲ್ಕು ಸಾವಿರ ಹೋಯಿತು.

ದೇಹಕ್ಕೆ ಅಲ್ಲಿ ಸಿಕ್ಕಿದ್ದು ಬೇರೆಲ್ಲೂ ಸಿಗಲಿಲ್ಲ. ದಿನಾ ಫಿಸಿಯೋಥೆರಪಿ, ಸ್ಟ್ಯಾಂಡಿಂಗ್ ಫ್ರೇಮ್‌ನಲ್ಲಿ ಅರ್ಧ ಗಂಟೆ, ಮೂಗಿಗೆ ತಾಗದಂತೆ ಅಂಚು ಕತ್ತರಿಸಿದ ಲೋಟ, ಶೌಚಕ್ಕೆ ಕರೆದೊಯ್ಯಲು ಇಬ್ಬರು ಆಯಾ. ಕೂರುವ ಶಕ್ತಿ ಹತ್ತು ನಿಮಿಷದಿಂದ ನಲವತ್ತಕ್ಕೆ ಬಂತು. ಅವರ ಋಣ ದೊಡ್ಡದು.

ತೊಡಕಾದದ್ದು ಪಠ್ಯಕ್ರಮ. ಅಲ್ಲಿ ಬಳಸುತ್ತಿದ್ದದ್ದು ಎಫ್.ಎ.ಸಿ.ಪಿ., ಮಗು ಏನೇನು ಮಾಡಬಲ್ಲದು ಎಂದು ಗುರುತು ಹಾಕಿಕೊಂಡು ಮುಂದಿನ ಪಾಠ ಗೊತ್ತುಮಾಡುವ ಪಟ್ಟಿ. ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆ ಬೌದ್ಧಿಕ ಅಂಗವೈಕಲ್ಯದ ಮಕ್ಕಳಿಗೆಂದು ರೂಪಿಸಿದ್ದು. ಪೂರ್ವ ಪ್ರಾಥಮಿಕದಿಂದ ವೃತ್ತಿಪೂರ್ವ ಹಂತದವರೆಗೆ ಮಟ್ಟಗಳಿವೆ. ಉಣ್ಣುವುದು, ಉಡುವುದು, ಎಣಿಸುವುದು, ಅಂಗಡಿಗೆ ಹೋಗುವುದು ಎಲ್ಲ ಕ್ರಮವಾಗಿ ಇದೆ. ಅವಳ ತರಗತಿಯ ಹುಡುಗನೊಬ್ಬ ಎರಡು ವರ್ಷದಲ್ಲಿ ಒಬ್ಬನೇ ಅಂಗಡಿಗೆ ಹೋಗಿ ಸಕ್ಕರೆ ತಂದು ಚಿಲ್ಲರೆ ಎಣಿಸಿ ಕೊಡುವಷ್ಟಾದ. ಅವನಿಗೆ ಅದಕ್ಕಿಂತ ಒಳ್ಳೆಯ ಪಠ್ಯಕ್ರಮ ಇಲ್ಲ.

ನನ್ನ ಮಗಳಿಗೆ ಆ ಪಟ್ಟಿ ಮೊದಲ ಪುಟದಲ್ಲೇ ನಿಂತುಹೋಯಿತು. ವಸ್ತು ಹಿಡಿಯುತ್ತಾಳಾ? ಇಲ್ಲ. ಕೇಳಿದ್ದನ್ನು ಬೆರಳಿಟ್ಟು ತೋರಿಸುತ್ತಾಳಾ? ಇಲ್ಲ. ಹೆಸರು ಹೇಳುತ್ತಾಳಾ? ಇಲ್ಲ. ಹಾಗಾಗಿ ಪೂರ್ವ ಪ್ರಾಥಮಿಕ. ಮೂರು ತಿಂಗಳಿಗೊಮ್ಮೆ ಬರುವ ಐ.ಇ.ಪಿ.ಯಲ್ಲಿ, ಅಂದರೆ ಆ ಮಗುವಿಗೆಂದೇ ಬರೆಯುವ ಕಲಿಕಾ ಯೋಜನೆಯಲ್ಲಿ, ಗುರಿ ಗುಂಡಿ ಹಾಕುವುದು, ಮುಂದಿನ ಸಲವೂ ಗುಂಡಿ ಹಾಕುವುದು. ವರ್ಣಮಾಲೆಯ ಕ್ರಮ ಬರೆದುಕೊಟ್ಟೆ. ಮೊದಲು ಬಣ್ಣ ಹೊಂದಿಸಲಿ ಎಂದರು. ಮನೆಯಲ್ಲಿ ‘ಚಳಿ’ ಎಂದು ಅಕ್ಷರ ಕೂಡಿಸಿದ ಮಗು ಅಲ್ಲಿ ಕೆಂಪು ಚೌಕದ ಮೇಲೆ ಕೆಂಪು ಚೌಕ ಇಡಲಾರದೆ ಸೋಲುತ್ತಿದ್ದಳು. ಪಟ್ಟಿ ಕೈಯನ್ನು ಅಳೆದು ತಲೆಯ ಬಗ್ಗೆ ತೀರ್ಪು ಬರೆಯಿತು. ನಾನು ಇನ್ನೂ ಮೊದಲೇ ಜಗಳ ಮಾಡಬೇಕಿತ್ತು.

ಹದಿನಾಲ್ಕು ತುಂಬಿದ ಮೇಲೆ ಹತ್ತನೇ ತರಗತಿಯ ಮಾತು ಬಂತು. ಎಸ್.ಎಸ್.ಎಲ್.ಸಿ.ಯಲ್ಲೂ ರಿಯಾಯಿತಿಗಳಿವೆ: ಬರಹಗಾರರು (ಮಗುವಿನ ಉತ್ತರವನ್ನು ಬರೆದುಕೊಡುವವರು), ಹೆಚ್ಚುವರಿ ಸಮಯ, ಗಣಿತ-ವಿಜ್ಞಾನದ ಬದಲಿಗೆ ಸಮಾಜಶಾಸ್ತ್ರ, ರಾಜ್ಯಶಾಸ್ತ್ರದಂಥ ವಿಷಯ. ಆದರೂ ಎಲ್ಲವನ್ನೂ ಒಂದೇ ವರ್ಷದಲ್ಲಿ ಓದಿ ಮುಗಿಸುವುದು ಅವಳ ದೇಹಕ್ಕೆ ಆಗದ ಮಾತು. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಅಂದರೆ ಎನ್.ಐ.ಒ.ಎಸ್., ಐದು ವಿಷಯ ಕೇಳುತ್ತದೆ. ಮುಗಿಸಲು ಐದು ವರ್ಷ, ಪರೀಕ್ಷೆಗೆ ಒಂಬತ್ತು ಅವಕಾಶ. ವರ್ಷಕ್ಕೊಂದು ವಿಷಯ ಪಾಸಾದರೂ ಅಂಕ ಕೂಡಿಕೊಳ್ಳುತ್ತಾ ಹೋಗುತ್ತದೆ. ನಲಿಕಲಿಯ ಏಣಿ ಬಿಟ್ಟ ಮೇಲೆ ಅವಳ ನಡಿಗೆಗೆ ಕಾದು ನಿಲ್ಲುವ ಇನ್ನೊಂದು ಏಣಿ ಕಂಡದ್ದು ಇದರಲ್ಲೇ. ಮೊದಲಿಗೆ ಕನ್ನಡ. ಇಲ್ಲೂ ದಿನಾ ಹೋಗುವ ಶಾಲೆ ಇಲ್ಲ, ಗೆಳತಿಯರಿಲ್ಲ, ಟೀಚರ್ ಮತ್ತೆ ನಾನೇ. ಪರೀಕ್ಷಾ ಕೇಂದ್ರಕ್ಕೆ ಎಷ್ಟು ದೂರ, ಅಲ್ಲಿ ರ‍್ಯಾಂಪ್ ಇದೆಯೇ ಎಂದು ಸೇರುವ ಮೊದಲೇ ವಿಚಾರಿಸಿ.

ಹಾಗಾದರೆ ಏನು ಮಾಡಲಿ ಎಂದು ಕೇಳುವವರಿಗೆ: ಕೈಬಾಯಿ ನಡೆಯದೆಯೂ ಮಗುವಿಗೆ ಅರ್ಥವಾಗುತ್ತಿದೆ ಎಂಬ ಸಣ್ಣ ಅನುಮಾನ ನಿಮಗಿದ್ದರೂ ಮೂರನೇ ತರಗತಿಯವರೆಗೆ ಊರಿನ ನಲಿಕಲಿ ಬಿಡಬೇಡಿ. ಥೆರಪಿಗೆ ವಿಶೇಷ ಶಾಲೆಯವರ ಸಹಾಯ ಕೇಳಿ, ಆದರೆ ಅವರ ಪಟ್ಟಿ ತುಂಬಿಸುವ ದಿನ ನೀವು ಪಕ್ಕದಲ್ಲಿರಿ. ಮಗುವಿಗೆ ದಿನನಿತ್ಯದ ಕೆಲಸವೇ ಮುಖ್ಯವಾದರೆ ನೇರವಾಗಿ ವಿಶೇಷ ಶಾಲೆಗೇ ಹೋಗಿ, ನನ್ನಂತೆ ಊರೂರು ಸುತ್ತಬೇಡಿ. ಥೆರಪಿ ಖರ್ಚಿಗೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆ ಇದೆ, ವರ್ಷಕ್ಕೆ ಒಂದು ಲಕ್ಷದವರೆಗೆ; ಅದನ್ನು ಇವತ್ತೇ ಮಾಡಿಸಿ.

ಈಗ ನಮ್ಮ ಮನೆಯಲ್ಲಿ ನಡೆಯುತ್ತಿರುವುದು ಬರಹಗಾರ್ತಿಯ ತಯಾರಿ. 2018ರ ಕೇಂದ್ರದ ಮಾರ್ಗಸೂಚಿ ಪ್ರಕಾರ ಸ್ವಂತ ಬರಹಗಾರರನ್ನು ಕರೆತರಬಹುದಿತ್ತು, ಅವರ ಓದು ಪರೀಕ್ಷೆ ಕೊಡುವವರಿಗಿಂತ ಒಂದು ಮೆಟ್ಟಿಲು ಕೆಳಗಿರಬೇಕಿತ್ತು; 2025ರಲ್ಲಿ ಹೊಸ ಮಾರ್ಗಸೂಚಿ ಬಂದಿದೆ. ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ. ಹುಬ್ಬು ಕಂಡುಹಿಡಿದ ಹುಡುಗಿಯ ತಂಗಿ ಈಗ ಒಂಬತ್ತನೇ ತರಗತಿ. ಭಾನುವಾರ ಬೆಳಿಗ್ಗೆ ಬಂದು ಕೂರುತ್ತಾಳೆ, “ಕ ಸಾಲು? ಚ ಸಾಲು?” ಎಂದು ಮೆಲ್ಲಗೆ ಕೇಳುತ್ತಾಳೆ, ಬರೆದುಕೊಳ್ಳುತ್ತಾಳೆ. ಹೋದ ವಾರ ಒಂದು ಗಂಟೆಗೆ ನಾಲ್ಕು ವಾಕ್ಯ ಆಯಿತು. ಒತ್ತಕ್ಷರ ಬಂದಲ್ಲಿ ಇನ್ನೂ ಇಬ್ಬರೂ ತಡವರಿಸುತ್ತಾರೆ.