ಜೋಲಿ ಹೊಡೆಯೋಕೆ ಹಾಕೋ ಆಲ್ಬಂ ಅಲ್ಲ: ಪೋರ್ಟಿಸ್‌ಹೆಡ್‌ನ ‘ಥರ್ಡ್’

1997ರ ನಂತರ ಸ್ಟುಡಿಯೊ ಆಲ್ಬಂ ಕೊಡದಿದ್ದ ಇಂಗ್ಲೆಂಡಿನ ಬ್ರಿಸ್ಟಲ್‌ನ ಈ ಸಂಗೀತ ತಂಡ 2008ರಲ್ಲಿ ‘ಥರ್ಡ್’ ತಂತು. ಇವರ ಮೊದಲ ಆಲ್ಬಂ ‘ಡಮ್ಮಿ’ಯ ಮೆತ್ತನೆ ಮಂಕೇ ಬೇಕು ಅನ್ನೋರಿಗೆ ಇದು ಒರಟು. ಮೊದಲ ಹಾಡು ‘ಸೈಲೆನ್ಸ್’ ಪೋರ್ಚುಗೀಸ್ ಮಾತಿನಿಂದ ಶುರುವಾಗಿ, ತಾಳ ಜೋರಾಗಿ ಓಡ್ತಿರುವಾಗಲೇ ಪಟ್ಟಂತ ನಿಂತುಬಿಡುತ್ತೆ. ಸರಸ್ವತಿಪುರಂನ ನಮ್ಮನೇಲಿ ಹಾಕಿದಾಗ ಮಂಡ್ಯದ ಗೆಳೆಯ ‘ಏನ್ಲಾ, ಕರೆಂಟ್ ಹೋಯ್ತಾ?’ ಅಂತ ಎದ್ದು ಸ್ವಿಚ್ ನೋಡಿದ. ‘ಮಷಿನ್ ಗನ್’ಗೆ ಅಕ್ಕ, ‘ಪಕ್ಕದ ಮನೇಲಿ ಡ್ರಿಲ್ಲಿಂಗಾ?’ ಅಂದ್ಲು. ಆ ಏಟುಗಳ ನಡುವೆ ಗಾಯಕಿ ಬೆತ್ ಗಿಬ್ಬನ್ಸ್ ದನಿ ನಡುಗುತ್ತಾ ನಿಲ್ಲೋದೇ ನನಗೆ ಆಲ್ಬಂನ ಜೀವ. ‘ದಿ ರಿಪ್’ನಲ್ಲಿ ಗಿಟಾರಿನ ಮೀಟು ಮೆಲ್ಲಗೆ ಸಿಂಥಸೈಜರ್‌ಗೆ ದಾಟೋ ಜಾಗ ಮಾತ್ರ ಮೂವರಿಗೂ ಹಿಡಿಸ್ತು. ‘ಡೀಪ್ ವಾಟರ್’ ನಂಗೆ ಬೇಡವಾಗಿತ್ತು. ಫೋನ್ ಸ್ಪೀಕರಲ್ಲಿ ಕೇಳ್ಬೇಡಿ, ತಳದ ಸದ್ದೇ ಸಿಗಲ್ಲ.