ಒಂದು ಸಾಲಿನ ದಿನವಹಿಗೆ ಗಿಟ್: ಹನ್ನೊಂದು ತಿಂಗಳ ಬಳಕೆಯ ಬಳಿಕ

ಮಂಡ್ಯದಿಂದ ಮೈಸೂರಿಗೆ ದಿನವೂ ರೈಲಿನಲ್ಲಿ ಹೋಗಿಬರುವ ನಾನು, ದಾರಿಯಲ್ಲಿ ಒಂದೆರಡು ಸಾಲು ಬರೆದಿಡುವ ಅಭ್ಯಾಸವನ್ನು ಕೆಲವು ವರ್ಷಗಳಿಂದ ಇಟ್ಟುಕೊಂಡಿದ್ದೇನೆ. ಶ್ರೀರಂಗಪಟ್ಟಣದ ಎರಡು ಸೇತುವೆಗಳ ಕೆಳಗೆ ಕಾವೇರಿ ಅಂದು ಹೇಗೆ ಹರಿಯುತ್ತಿತ್ತು, ಪತ್ರಿಕೆಯಲ್ಲಿ ಬಂದ ಕೃಷ್ಣರಾಜಸಾಗರದ ಮಟ್ಟ ತುಂಬು ಮಟ್ಟವಾದ 124.80 ಅಡಿಗೆ ಎಷ್ಟು ಕಡಿಮೆಯಿದೆ, ನಾನು ಕೆಲಸ ಮಾಡುವ ಗ್ರಂಥಾಲಯದಲ್ಲಿ ಯಾವ ಪುಸ್ತಕವನ್ನು ಹುಡುಕಿಕೊಂಡು ಯಾರು ಬಂದರು, ಇಷ್ಟೇ ಅದರ ವಿಷಯ. ಈ ಸಾಲುಗಳನ್ನು ಮೊದಲು ಒಂದು ಸಾಮಾಜಿಕ ಜಾಲತಾಣದಲ್ಲಿ ಹಾಕುತ್ತಿದ್ದೆ. ಲಾಗಿನ್ ಆಗದವರಿಗೆ ಅಲ್ಲಿನ ಬರಹಗಳು ಕಾಣದಂತಾದ ಮೇಲೆ, ಊರಿನಲ್ಲಿರುವ ನನ್ನ ದೊಡ್ಡಪ್ಪ, ವಿಶ್ವೇಶ್ವರಯ್ಯ ನಾಲೆಯ ನೀರನ್ನು ನಂಬಿ ಕಬ್ಬು ಬೆಳೆಯುವವರು, ಫೋನ್ ಮಾಡಿ ಕೇಳಿದರು: “ಕಟ್ಟೆಲಿ ನೀರು ಎಷ್ಟೈತೆ ಅಂತ ನೋಡಕ್ಕೆ ಪಾಸ್‌ವರ್ಡ್ ಯಾಕವ್ವಾ ಬೇಕು?” ಆ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ಹಾಗಾಗಿ ಗಿಟ್ ಎಂಬ ತಂತ್ರಾಂಶವನ್ನೇ ಆಧಾರವಾಗಿಟ್ಟುಕೊಂಡು ನನ್ನದೇ ಆದ ಒಂದು ಪುಟ್ಟ ತಾಣವನ್ನು ಕಟ್ಟಿಕೊಂಡೆ. ಹನ್ನೊಂದು ತಿಂಗಳ ದಿನನಿತ್ಯದ ಬಳಕೆಯಲ್ಲಿ ಅದರ ಗುಣ ದೋಷಗಳು ನನಗೆ ಕಂಡ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಲಿನಕ್ಸ್ ಕರ್ನಲ್‌ನ ಕೆಲಸಕ್ಕೆ ಬೇಕೆಂದು ಲಿನಸ್ ಟೊರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಬರೆಯಲು ತೊಡಗಿದ ತಂತ್ರಾಂಶ ಗಿಟ್. ಕಡತಗಳಲ್ಲಿ ಆಗುವ ಪ್ರತಿಯೊಂದು ಬದಲಾವಣೆಯನ್ನೂ ಅದು ಒಂದು ಕಮಿಟ್ ಆಗಿ ದಾಖಲಿಸುತ್ತದೆ. ಆ ಕಮಿಟ್‌ನಲ್ಲಿ ಬರೆದವರ ಹೆಸರು, ದಿನಾಂಕ, ವೇಳೆ, ಹಾಗೂ ಏನು ಬದಲಾಯಿತೆಂಬ ಒಂದು ಟಿಪ್ಪಣಿ ಇರುತ್ತವೆ. ಸಾಮಾನ್ಯವಾಗಿ ಕಡತವೇ ಮುಖ್ಯ, ಟಿಪ್ಪಣಿ ಅದರ ಬೆನ್ನಿಗಿರುವುದು. ನನ್ನ ತಾಣದಲ್ಲಿ ಕಡತವೇ ಇಲ್ಲ, ಟಿಪ್ಪಣಿಯೇ ಬರಹ. ಬದಲಾವಣೆ ಏನೂ ಇಲ್ಲದೆಯೂ ಕಮಿಟ್ ಮಾಡಲು ಗಿಟ್‌ನಲ್ಲಿ ‘ಅಲೋ ಎಂಪ್ಟಿ’ ಎಂಬ ಆಯ್ಕೆ ಇದೆ. ಅದನ್ನು ಬಳಸಿ ಒಂದೊಂದು ಸಾಲನ್ನೂ ಒಂದೊಂದು ಖಾಲಿ ಕಮಿಟ್‌ನ ಟಿಪ್ಪಣಿಯಾಗಿ ಬರೆಯುತ್ತೇನೆ. ಸರಣಿಯಲ್ಲಿ ಕಡತವೊಂದೂ ಇಲ್ಲದ್ದರಿಂದ ಈ ಕಮಿಟ್‌ಗಳೆಲ್ಲವೂ ಒಂದೇ ಖಾಲಿ ಮರವನ್ನು (ಕಡತಗಳ ಪಟ್ಟಿಗೆ ಗಿಟ್ ಕೊಟ್ಟ ಹೆಸರು) ತೋರಿಸುತ್ತವೆ. ಹೊಸದಾಗಿ ಸೇರುವುದು ಕೆಲವು ನೂರು ಬೈಟ್‌ಗಳ ಒಂದು ದಾಖಲೆ ಮಾತ್ರ. ಡೇಟಾಬೇಸ್ ಇಲ್ಲ, ಆಡಳಿತ ಪುಟವಿಲ್ಲ, ಒಳಬರಲು ಪಾಸ್‌ವರ್ಡ್ ಕೇಳುವ ಬಾಗಿಲೂ ಇಲ್ಲ.

ಜೋಡಣೆಯ ಕೆಲಸ ಒಂದು ಭಾನುವಾರದ ಮಧ್ಯಾಹ್ನಕ್ಕೆ ಮುಗಿಯಿತು. ತಾಣವನ್ನು ಮನೆಯಲ್ಲೇ ಇಡಬೇಕೆಂಬ ಆಸೆ ಮೊದಲಿಗೆ ಇತ್ತು. ಆದರೆ ನಮ್ಮ ಮನೆಯ ಇಂಟರ್ನೆಟ್ ಸಂಪರ್ಕಕ್ಕೆ ಹೊರಗಿನಿಂದ ನೇರವಾಗಿ ತಲುಪಬಹುದಾದ ಸ್ವಂತ ವಿಳಾಸವಿಲ್ಲ, ಮೇಲಾಗಿ ಬೇಸಿಗೆಯಲ್ಲಿ ಕರೆಂಟು ಹೋದಾಗಲೆಲ್ಲ ತಾಣವೂ ಮಲಗುತ್ತದೆ. ಆದ್ದರಿಂದ ಅತಿ ಚಿಕ್ಕದೊಂದು ವರ್ಚುವಲ್ ಸರ್ವರನ್ನು ಬಾಡಿಗೆಗೆ ಪಡೆದೆ. ಅದರಲ್ಲಿ ಬೇರ್ ರೆಪೊಸಿಟರಿ ಎನ್ನಲಾಗುವ, ಕೆಲಸದ ಕಡತಗಳಿಲ್ಲದ ಗಿಟ್ ಭಂಡಾರವೊಂದನ್ನು ತೆರೆದು, ಅದರ ಹುಕ್ಸ್ ಫೋಲ್ಡರಿನಲ್ಲಿ ‘ಪೋಸ್ಟ್ ರಿಸೀವ್’ ಎಂಬ ಹೆಸರಿನ ಶೆಲ್ ಸ್ಕ್ರಿಪ್ಟ್ ಒಂದನ್ನು, ಅಂದರೆ ಸಾಲಾಗಿ ಆದೇಶಗಳನ್ನು ಬರೆದ ಪುಟ್ಟ ಕಡತವನ್ನು, ಇಟ್ಟೆ. ಪುಶ್ ಮಾಡಿದ, ಅಂದರೆ ನನ್ನ ಕಡೆಯಿಂದ ಕಳಿಸಿದ, ಕಮಿಟ್‌ಗಳನ್ನು ಸರ್ವರ್ ಸ್ವೀಕರಿಸಿದ ಕೂಡಲೇ ಗಿಟ್ ತಾನಾಗಿಯೇ ಈ ಸ್ಕ್ರಿಪ್ಟನ್ನು ಓಡಿಸುತ್ತದೆ. ಸ್ಕ್ರಿಪ್ಟ್ ಕಮಿಟ್‌ಗಳ ಪಟ್ಟಿಯಾದ ಗಿಟ್ ಲಾಗ್‌ನಿಂದ ಟಿಪ್ಪಣಿಗಳನ್ನೂ ವೇಳೆಯನ್ನೂ ತೆಗೆದು ಒಂದು ಎಚ್‌ಟಿಎಂಎಲ್ ಪುಟವನ್ನು ಬರೆಯುತ್ತದೆ, ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ತಂತ್ರಾಂಶ ಆ ಪುಟವನ್ನು ಓದುಗರಿಗೆ ಕೊಡುತ್ತದೆ. ಸ್ಕ್ರಿಪ್ಟ್ ಹೊರಡಿಸುವ ಮಾತುಗಳು ಪುಶ್ ಮಾಡಿದವರ ಪರದೆಯ ಮೇಲೆ ಮೂಡುವುದರಿಂದ, ಕೊನೆಯಲ್ಲಿ ‘ಪ್ರಕಟವಾಯಿತು’ ಎಂದು ಹೇಳುವಂತೆ ಬರೆದಿದ್ದೇನೆ. ರೈಲಿನ ಗದ್ದಲದಲ್ಲಿ ಆ ಒಂದು ಪದ ಕಂಡರೆ ನೆಮ್ಮದಿಯಾಗುತ್ತದೆ.

ಹೊಸಬರು ಎಡವುವ ಮೂರು ಜಾಗಗಳನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಸ್ಕ್ರಿಪ್ಟಿಗೆ ಓಡುವ ಅನುಮತಿ ಕೊಡದಿದ್ದರೆ ಪುಶ್ ಯಶಸ್ವಿಯಾಗುತ್ತದೆ, ಪುಟ ಮಾತ್ರ ಬದಲಾಗುವುದಿಲ್ಲ. ಟಿಪ್ಪಣಿಯಲ್ಲಿ ಆಂಪರ್ಸಂಡ್ (&) ಅಥವಾ ಕೋನಾವರಣ (< >) ಬಂದರೆ ಅದನ್ನು ಎಚ್‌ಟಿಎಂಎಲ್‌ಗೆ ತಕ್ಕಂತೆ ಬದಲಿಸಬೇಕು, ಅದರಲ್ಲೂ ಆಂಪರ್ಸಂಡನ್ನೇ ಮೊದಲು ಬದಲಿಸಬೇಕು. ಕ್ರಮ ತಿರುಗಿದರೆ ಪುಟದ ತುಂಬ ಕಸ ಕಾಣುತ್ತದೆ. ಪುಟವನ್ನು ನೇರವಾಗಿ ಹಳೆಯದರ ಮೇಲೆ ಬರೆಯದೆ, ಅದೇ ಡಿಸ್ಕಿನ ಒಂದು ತಾತ್ಕಾಲಿಕ ಕಡತದಲ್ಲಿ ಪೂರ್ತಿ ಬರೆದು, ಆಮೇಲೆ ಹೆಸರು ಬದಲಿಸಬೇಕು. ಇಲ್ಲವಾದರೆ ಅದೇ ಗಳಿಗೆಯಲ್ಲಿ ಬಂದ ಓದುಗರಿಗೆ ಅರ್ಧ ಪುಟ ಸಿಗಬಹುದು.

ಈ ವ್ಯವಸ್ಥೆಯನ್ನು ನಾನು ಮೆಚ್ಚಿಕೊಂಡದ್ದು ಮುಖ್ಯವಾಗಿ ಒಂದು ಕಾರಣಕ್ಕೆ. ಗಿಟ್‌ನಲ್ಲಿ ದಾಖಲಿಸುವುದು ಬೇರೆ, ಕಳಿಸುವುದು ಬೇರೆ. ಪಾಂಡವಪುರ ದಾಟಿದ ಮೇಲೆ ನನ್ನ ಫೋನಿನಲ್ಲಿ ಎಷ್ಟೋ ದಿನ ಸಿಗ್ನಲ್ ನಿಲ್ಲುವುದಿಲ್ಲ. ಹಿಂದಿನ ತಾಣದಲ್ಲಾದರೆ ಬರೆದದ್ದು ಸುತ್ತುತ್ತಲೇ ನಿಂತು, ಕೆಲವೊಮ್ಮೆ ಮಾಯವಾಗಿ, ಮೈಸೂರಿನಲ್ಲಿ ಇಳಿದು ಮತ್ತೆ ಬರೆಯುವಾಗ ಮೊದಲಿನ ಮಾತು ನೆನಪಿಗೆ ಬರುತ್ತಿರಲಿಲ್ಲ. ಈಗ ಸೇತುವೆಯ ಮೇಲೆ ಬರೆದ ಸಾಲು ಸೇತುವೆಯ ಮೇಲಿನ ವೇಳೆಯನ್ನೇ ಹೊತ್ತು ಫೋನಿನಲ್ಲಿ ಕಮಿಟ್ ಆಗುತ್ತದೆ, ನಿಲ್ದಾಣದಲ್ಲಿ ಸಿಗ್ನಲ್ ಬಂದಾಗ ಒಂದು ಪುಶ್‌ನಲ್ಲಿ ಬೆಳಗಿನ ಎಲ್ಲ ಸಾಲುಗಳೂ ಒಟ್ಟಿಗೆ ಹೊರಡುತ್ತವೆ. ಹೊಳೆಯನ್ನು ನೋಡಿದ ಹೊತ್ತಿಗೂ ಬರೆದ ಹೊತ್ತಿಗೂ ಅಂತರವಿರಬಾರದೆಂದು ಬಯಸುವವರಿಗೆ ಇದು ಸಣ್ಣ ಸೌಕರ್ಯವಲ್ಲ.

ಆದರೆ ಈ ವೇಳೆಯ ವಿಷಯದಲ್ಲಿಯೇ ನಾನು ಮೊದಲ ತಿಂಗಳು ತಪ್ಪು ಮಾಡಿದೆ. ಕಮಿಟ್ ಒಂದರಲ್ಲಿ ಎರಡು ವೇಳೆಗಳಿರುತ್ತವೆ: ಬರೆದ ವೇಳೆ ಒಂದು, ಕಮಿಟ್ ಆಗಿ ಸೇರಿಸಿದ ವೇಳೆ ಇನ್ನೊಂದು. ಮನೆಯ ಕಂಪ್ಯೂಟರಿನಿಂದಲೂ ಫೋನಿನಿಂದಲೂ ಬರೆಯುತ್ತಿದ್ದುದರಿಂದ, ಒಂದರ ಸಾಲುಗಳು ಇನ್ನೊಂದನ್ನು ತಲುಪದೆ ಪುಶ್ ತಿರಸ್ಕೃತವಾಗುತ್ತಿತ್ತು. ಆಗ ರೀಬೇಸ್ ಮಾಡಿಕೊಂಡು, ಅಂದರೆ ನನ್ನ ಸಾಲುಗಳನ್ನು ಸರ್ವರಿನಲ್ಲಿದ್ದವುಗಳ ಮುಂದಕ್ಕೆ ಮರುಜೋಡಿಸಿ, ಮತ್ತೆ ಕಳಿಸುತ್ತಿದ್ದೆ. ರೀಬೇಸ್ ಮಾಡಿದಾಗ ಬರೆದ ವೇಳೆ ಹಾಗೆಯೇ ಉಳಿಯುತ್ತದೆ, ಸೇರಿಸಿದ ವೇಳೆ ಹೊಸದಾಗುತ್ತದೆ. ನನ್ನ ಸ್ಕ್ರಿಪ್ಟ್ ಎರಡನೆಯದನ್ನು ಮುದ್ರಿಸುತ್ತಿದ್ದ ಕಾರಣ ಬೆಳಗಿನ ಕಾವೇರಿಯ ಸಾಲಿಗೆ ರಾತ್ರಿಯ ಗಂಟೆ ಬಿದ್ದಿತ್ತು. ಕಾರಣ ತಿಳಿಯಲು ಎರಡು ಸಂಜೆ ಬೇಕಾದವು, ತಿದ್ದಲು ಸ್ಕ್ರಿಪ್ಟಿನಲ್ಲಿ ಒಂದು ಅಕ್ಷರ ಬದಲಿಸಿದರೆ ಸಾಕಾಯಿತು.

ಇನ್ನು ಕನ್ನಡದ ಮಾತು. ಇಂಗ್ಲಿಷಿನಲ್ಲಿ ಬರೆಯುವವರಿಗೆ ಎದುರಾಗದ ಕೆಲವು ತೊಡಕುಗಳು ನಮಗೆ ಎದುರಾಗುತ್ತವೆ, ಅವನ್ನು ವಿವರವಾಗಿ ಹೇಳುವುದು ಅಗತ್ಯ. ಗಿಟ್ ಟಿಪ್ಪಣಿಗಳನ್ನು, ಎಲ್ಲ ಲಿಪಿಗಳನ್ನೂ ಬೈಟ್‌ಗಳಾಗಿ ಬರೆಯುವ ಕ್ರಮವಾದ ಯುಟಿಎಫ್-8ರಲ್ಲಿ ಇಡುತ್ತದೆಯಾದ್ದರಿಂದ ಕನ್ನಡಕ್ಕೆ ಅಲ್ಲಿ ಯಾವ ಕುಂದೂ ಇಲ್ಲ. ತೊಂದರೆ ಇರುವುದು ಅದರ ಸುತ್ತಲಿನ ಸಲಕರಣೆಗಳಲ್ಲಿ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿಯೊಂದು ಯೂನಿಕೋಡ್ ಚಿಹ್ನೆಗೂ 3 ಬೈಟ್‌ಗಳು ಬೇಕು. ‘ಮೈಸೂರು’ ಎಂಬ ಪದ ನಮ್ಮ ಕಣ್ಣಿಗೆ 3 ಅಕ್ಷರ, ಯೂನಿಕೋಡಿಗೆ 6 ಚಿಹ್ನೆ, ಡಿಸ್ಕಿಗೆ 18 ಬೈಟ್. ಹೊಸ ಸಾಲುಗಳನ್ನು ಓದುಗರ ಆ್ಯಪ್‌ಗಳಿಗೆ ತಲುಪಿಸುವ ಕಡತವಾದ ಫೀಡ್‌ನಲ್ಲಿ ಶೀರ್ಷಿಕೆ ಉದ್ದವಾಗದಿರಲೆಂದು ನಾನು ಪ್ರತಿ ಸಾಲನ್ನೂ ‘ಕಟ್’ ಎಂಬ ಆದೇಶದಿಂದ ನಿರ್ದಿಷ್ಟ ಉದ್ದಕ್ಕೆ ಕತ್ತರಿಸುತ್ತಿದ್ದೆ. ಸರ್ವರಿನಲ್ಲಿದ್ದ ಆ ಆದೇಶ ಅಕ್ಷರಗಳನ್ನು ಎಣಿಸದೆ ಬೈಟ್‌ಗಳನ್ನು ಎಣಿಸುತ್ತಿತ್ತು. ಪರಿಣಾಮವಾಗಿ ಒಂದು ಶೀರ್ಷಿಕೆಯ ಕೊನೆಯ ಚಿಹ್ನೆ ನಡುವೆಯೇ ತುಂಡಾಯಿತು. ಎಚ್‌ಟಿಎಂಎಲ್ ಪುಟದಲ್ಲಿ ಅದು ಒಂದು ಪ್ರಶ್ನಾರ್ಥಕ ಪೆಟ್ಟಿಗೆಯಾಗಿ ಕಂಡು ಸುಮ್ಮನಾಗುತ್ತಿತ್ತು, ಆದರೆ ಆಟಂ ಎಂಬ ಮಾದರಿಯ ನನ್ನ ಫೀಡ್ ನಿಯಮಗಳು ಬಿಗಿಯಾಗಿರುವ ಎಕ್ಸ್‌ಎಂಎಲ್‌ನಲ್ಲಿ ಇರುವುದರಿಂದ ಒಂದು ಕೆಟ್ಟ ಬೈಟ್ ಇದ್ದರೂ ಓದುವ ತಂತ್ರಾಂಶ ಇಡೀ ಫೀಡನ್ನೇ ನಿರಾಕರಿಸುತ್ತದೆ. ನಾಲ್ಕು ದಿನ ಯಾರಿಗೂ ಏನೂ ತಲುಪಿರಲಿಲ್ಲ. ಈಗ ಶೀರ್ಷಿಕೆಯನ್ನು ಕತ್ತರಿಸುವುದನ್ನೇ ಬಿಟ್ಟಿದ್ದೇನೆ, ಸಾಲನ್ನೇ ಚಿಕ್ಕದಾಗಿ ಬರೆಯುತ್ತೇನೆ.

ಎರಡನೆಯ ತೊಡಕು ಫೋನಿನದು. ಆಂಡ್ರಾಯ್ಡ್‌ನಲ್ಲಿ ಗಿಟ್ ಓಡಿಸಲು ಟರ್ಮಕ್ಸ್ ಎಂಬ ಒಳ್ಳೆಯ ಆ್ಯಪ್ ಇದೆ. ಆದರೆ ಆದೇಶಗಳನ್ನು ಟೈಪ್ ಮಾಡುವ ಪರದೆಗಳಾದ ಟರ್ಮಿನಲ್‌ಗಳು ಅಕ್ಷರಗಳನ್ನು ಚೌಕುಳಿ ಹಾಳೆಯ ಮನೆಗಳಂತೆ ಒಂದೊಂದಾಗಿ ಕೂರಿಸುವುದರಿಂದ ನಮ್ಮ ಒತ್ತಕ್ಷರಗಳೂ ಗುಣಿತಗಳೂ ಚದರಿ ಕಾಣುತ್ತವೆ. ‘ಮಂಡ್ಯ’ ಎಂದು ಬರೆದು ಅದನ್ನು ಗುರುತಿಸಲು ಕಷ್ಟಪಡಬೇಕಾಗುತ್ತದೆ. ಉಳಿಯುವ ದಾಖಲೆಗೆ ಇದರಿಂದ ಹಾನಿಯಿಲ್ಲ, ಆದರೆ ತಾನು ಬರೆದದ್ದನ್ನು ಓದಲಾಗದೆ ಬರೆಯುವುದು ಯಾರಿಗೂ ಹಿತವಲ್ಲ. ಟರ್ಮಕ್ಸ್‌ನ ಎಪಿಐ ಎಂಬ ಹೆಚ್ಚುವರಿ ಪೊಟ್ಟಣದಲ್ಲಿ ಆಂಡ್ರಾಯ್ಡ್‌ನದೇ ಬರೆಯುವ ಪೆಟ್ಟಿಗೆಯನ್ನು ತೆರೆಯುವ ಆದೇಶವೊಂದಿದೆ. ಅದರಿಂದ ಪಠ್ಯ ಪಡೆದು ಕಮಿಟ್ ಮಾಡಿ ಪುಶ್ ಮಾಡುವ ಸ್ಕ್ರಿಪ್ಟ್ ಒಂದನ್ನು ಬರೆದು, ಮುಖಪರದೆಯ ಗುಂಡಿಯೊಂದಕ್ಕೆ ಕಟ್ಟಿದ್ದೇನೆ. ಗುಂಡಿ ಒತ್ತಿದರೆ ಪೆಟ್ಟಿಗೆ ತೆರೆಯುತ್ತದೆ, ಕನ್ನಡ ಕೀಲಿಮಣೆಯಲ್ಲಿ ಸಾಲು ಬರೆದು ಒಪ್ಪಿದರೆ ಮುಗಿಯಿತು. ಕನ್ನಡದಲ್ಲಿ ಬರೆಯಬೇಕೆನ್ನುವವರು ಈ ಭಾಗವನ್ನು ಬಿಟ್ಟು ಮುಂದೆ ಹೋಗಬಾರದು, ಇದಿಲ್ಲದೆ ನಾನು ಎರಡನೆಯ ವಾರಕ್ಕೇ ಕೈಬಿಡುತ್ತಿದ್ದೆನೇನೋ.

ದೋಷಗಳಲ್ಲಿ ದೊಡ್ಡದು ತಿದ್ದುಪಡಿಯದು. ಕೊನೆಯ ಸಾಲಿನಲ್ಲಿ ತಪ್ಪಿದ್ದರೆ ಅದನ್ನು ಅಮೆಂಡ್ ಮಾಡಿ (ತಿದ್ದಿ), ಸರ್ವರಿನಲ್ಲಿರುವುದರ ಜಾಗದಲ್ಲಿ ಕೂರುವಂತೆ ಬಲವಂತದ ಪುಶ್ ಮಾಡಬಹುದು. ಹಳೆಯ ಸಾಲಿನ ಕಾಗುಣಿತ ತಿದ್ದಲು ಹೊರಟರೆ ಕಥೆಯೇ ಬೇರೆ. ಪ್ರತಿ ಕಮಿಟ್‌ನ ಗುರುತು, ಅಂದರೆ 40 ಅಂಕೆ ಅಕ್ಷರಗಳ ಆ ಹ್ಯಾಶ್, ಅದರ ಹಿಂದಿನ ಕಮಿಟ್‌ನ ಗುರುತನ್ನೂ ಒಳಗೊಂಡು ಲೆಕ್ಕ ಹಾಕಿದ್ದಾಗಿರುತ್ತದೆ. ನಡುವಿನ ಒಂದನ್ನು ಮುಟ್ಟಿದರೆ ಅದರ ಮುಂದಿನ ಎಲ್ಲವುಗಳ ಗುರುತೂ ಬದಲಾಗುತ್ತದೆ. ನನ್ನ ತಾಣದಲ್ಲಿ ಪ್ರತಿ ಸಾಲಿನ ಕೊಂಡಿಯೂ ಈ ಗುರುತಿನಿಂದಲೇ ಆಗಿರುವುದರಿಂದ, ಒಂದು ಒತ್ತಕ್ಷರವನ್ನು ಸರಿಪಡಿಸಿದರೆ ನೂರಾರು ಕೊಂಡಿಗಳು ಮುರಿಯುತ್ತವೆ. ಇದಕ್ಕೆ ನಾನು ಕಂಡುಕೊಂಡ ಪರಿಹಾರ ಗಿಟ್ ನೋಟ್ಸ್. ಕಮಿಟ್ ಅನ್ನು ಮುಟ್ಟದೆ ಅದಕ್ಕೊಂದು ಚೀಟಿ ಅಂಟಿಸುವ ಸೌಲಭ್ಯವದು. ಹಳೆಯ ಪುಸ್ತಕಗಳ ಕೊನೆಯಲ್ಲಿ ತಪ್ಪು ಒಪ್ಪುಗಳ ಪಟ್ಟಿ ಇರುತ್ತಿತ್ತಲ್ಲ, ಹಾಗೆ ತಪ್ಪಿದ ಸಾಲಿನ ಕೆಳಗೆ ಒಪ್ಪನ್ನು ಸ್ಕ್ರಿಪ್ಟ್ ಮುದ್ರಿಸುತ್ತದೆ. ಗ್ರಂಥಾಲಯದಲ್ಲಿ ಕೆಲಸ ಮಾಡುವ ನನಗೆ ಇದು ಮರೆಮಾಚಿದ ತಿದ್ದುಪಡಿಗಿಂತ ಹೆಚ್ಚು ಪ್ರಾಮಾಣಿಕವಾಗಿ ಕಾಣುತ್ತದೆ. ಆದರೆ ನೋಟ್ಸ್ ಸಾಮಾನ್ಯ ಪುಶ್‌ನ ಜೊತೆ ಹೋಗುವುದಿಲ್ಲ, ಅವನ್ನು ಹೆಸರಿಸಿ ಪ್ರತ್ಯೇಕವಾಗಿ ಕಳಿಸಬೇಕು ಎಂಬುದನ್ನು ನೆನಪಿಡಬೇಕು.

ಅಳಿಸುವುದು ತಿದ್ದುವುದಕ್ಕಿಂತಲೂ ಕಷ್ಟ. ಸರಣಿಯಿಂದ ತೆಗೆದ ಕಮಿಟ್ ಸರ್ವರಿನಲ್ಲಿ ತಕ್ಷಣ ನಾಶವಾಗುವುದಿಲ್ಲ, ಗಿಟ್ ತನ್ನ ಕಸ ಗುಡಿಸುವ ತನಕ ಉಳಿದಿರುತ್ತದೆ. ಅಷ್ಟರಲ್ಲಿ ಫೀಡ್ ಪಡೆದವರ ಬಳಿ ಅದರ ಪ್ರತಿ ಸೇರಿಯೂ ಇರುತ್ತದೆ. ಆದ್ದರಿಂದ ಇನ್ನೊಬ್ಬರ ಮನೆಯ ವಿಷಯ, ಮಕ್ಕಳ ವಿಷಯ ಇಲ್ಲಿಗೆ ಬರಬಾರದೆಂದು ಮೊದಲೇ ಕಟ್ಟುಪಾಡು ಹಾಕಿಕೊಂಡಿದ್ದೇನೆ. ಪ್ರತಿ ಕಮಿಟ್‌ನಲ್ಲೂ ಇಮೇಲ್ ವಿಳಾಸ ದಾಖಲಾಗುತ್ತದೆ. ಭಂಡಾರವನ್ನು ಇತರರಿಗೆ ನಕಲಿಸಲು ಬಿಡುವವರು ಮೊದಲ ಸಾಲಿಗೆ ಮುನ್ನವೇ ಯಾವ ವಿಳಾಸ ಕೊಡಬೇಕೆಂದು ತೀರ್ಮಾನಿಸಿಕೊಳ್ಳಲಿ.

ಖರ್ಚು ಎರಡೇ ಬಾಬ್ತು: ಸರ್ವರಿನ ಬಾಡಿಗೆ, ಡೊಮೇನ್ ಹೆಸರಿನ ವಾರ್ಷಿಕ ಶುಲ್ಕ. ತಂತ್ರಾಂಶಗಳಿಗೆ ಹಣವಿಲ್ಲ. ತಾಣದ ಸಂಪರ್ಕ ಸುರಕ್ಷಿತವಾಗಿರಲು ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸೇವೆ ಕೊಡುವ 90 ದಿನಗಳ ಪ್ರಮಾಣಪತ್ರವೂ ಉಚಿತ, ಅದು ತಾನಾಗಿಯೇ ನವೀಕರಣವಾಗುತ್ತಿದೆ. ಚಿತ್ರಗಳಿಲ್ಲ, ಪ್ರತಿಕ್ರಿಯೆಗಳಿಲ್ಲ, ನನಗೆ ಅವುಗಳ ಕೊರತೆ ಅನ್ನಿಸಿಲ್ಲ, ಹೇಳಬೇಕೆನಿಸಿದವರು ಫೋನ್ ಮಾಡುತ್ತಾರೆ.

ಚಳಿಗಾಲದಲ್ಲಿ ಬಾಡಿಗೆಯ ಸರ್ವರನ್ನು ಬದಲಿಸಬೇಕಾಯಿತು. ಗಿಟ್‌ನ ಪ್ರತಿಯೊಂದು ನಕಲಿನಲ್ಲೂ ಪೂರ್ತಿ ಇತಿಹಾಸವಿರುವುದರಿಂದ, ಫೋನಿನಿಂದ ಹೊಸ ಯಂತ್ರಕ್ಕೆ ಒಂದು ಪುಶ್ ಮಾಡಿದೊಡನೆ ಮೊದಲ ದಿನದಿಂದಿನ ಎಲ್ಲ ಸಾಲುಗಳೂ ಅಲ್ಲಿಗೆ ತಲುಪಿದವು. ಆದರೆ ಪುಟ ಮೂಡಲಿಲ್ಲ. ಹುಕ್ ಸ್ಕ್ರಿಪ್ಟ್‌ಗಳು ಇತಿಹಾಸದ ಭಾಗವಲ್ಲ, ಅವು ನಕಲಿನ ಜೊತೆ ಬರುವುದಿಲ್ಲ. ನಾನು ಅದರ ಪ್ರತಿ ಇಟ್ಟಿರಲಿಲ್ಲವಾದ್ದರಿಂದ ಹಳೆಯ ಯಂತ್ರ ಮುಚ್ಚುವ ಮುನ್ನ ಒಳಹೊಕ್ಕು ತರಬೇಕಾಯಿತು. ಈಗ ಸ್ಕ್ರಿಪ್ಟಿಗೆಂದೇ ಬೇರೊಂದು ಭಂಡಾರ ಇಟ್ಟಿದ್ದೇನೆ.

ಟರ್ಮಿನಲ್ ಎಂದರೆ ಹೆದರುವವರಿಗೆ, ಹಾಕಿದ್ದನ್ನು ಮರುಕ್ಷಣ ಅಳಿಸುವ ಸ್ವಾತಂತ್ರ್ಯ ಬೇಕೆನ್ನುವವರಿಗೆ ನಾನು ಇದನ್ನು ಶಿಫಾರಸು ಮಾಡುವುದಿಲ್ಲ. ಗಿಟ್ ಸ್ವಲ್ಪ ಗೊತ್ತಿದ್ದು, ದಿನಕ್ಕೆರಡು ಸಾಲು ಬರೆದು, ಅವು ವರ್ಷಗಳ ನಂತರವೂ ಕೈಗೆ ಸಿಗಬೇಕೆಂದು ಬಯಸುವವರು ಖಂಡಿತ ಪ್ರಯತ್ನಿಸಲಿ.

ಕಳೆದ ವಾರ ದೊಡ್ಡಪ್ಪ ಮತ್ತೆ ಫೋನ್ ಮಾಡಿದ್ದರು. ಕಳೆದ ಸಲ ನಾಲೆಗೆ ನೀರು ಬಿಟ್ಟ ದಿನ ಕಟ್ಟೆಯಲ್ಲಿ ಎಷ್ಟು ಅಡಿ ಇತ್ತು ಎಂದು ಕೇಳಿದರು. ಗಿಟ್ ಲಾಗ್‌ನಲ್ಲಿ ಕೃಷ್ಣರಾಜಸಾಗರಕ್ಕೆ ನಮ್ಮ ಕಡೆಯ ಹೆಸರಾದ ‘ಕನ್ನಂಬಾಡಿ’ ಎಂದು ಹುಡುಕಿದೆ, ಬೇಕಾದ ದಿನ ಸಿಗಲಿಲ್ಲ. ಕೆಲವು ದಿನ ‘ಕಣ್ಣಂಬಾಡಿ’ ಎಂದು ಬರೆದಿದ್ದೆ, ಗಿಟ್‌ಗೆ ಅವೆರಡೂ ಬೇರೆ ಬೇರೆ ಪದಗಳು. ಎರಡನ್ನೂ ಕೊಟ್ಟು ಹುಡುಕಿದಾಗ ಆ ಬೆಳಗಿನ ಸಾಲು ವೇಳೆಯ ಸಮೇತ ಬಂತು. ಓದಿ ಹೇಳಿದೆ. “ತಡಿ, ಕ್ಯಾಲೆಂಡರ್ ಮ್ಯಾಲೆ ಬರ್ಕೊತೀನಿ” ಎಂದು ಅವರು ಪೆನ್ನು ಹುಡುಕಲು ಹೋದರು.